ಸಂಜೆ ಬೀದಿ ಯಾಕೆ ಬಿಕೋ ಎನ್ನುತ್ತದೆ?

ಪ್ರಶ್ನೆ: ನಮ್ಮ ಬಡಾವಣೆಯ ರಸ್ತೆ ಅಗಲವಾಯಿತು, ದೀಪವೂ ಬಂತು. ಆದರೂ ಸಂಜೆ ಯಾರೂ ಹೊರಬರುವುದಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ರಸ್ತೆ ಅಗಲವಾದರೆ ಗಾಡಿಗಳ ವೇಗ ಹೆಚ್ಚುತ್ತದೆ, ಜನ ಹಿಂಜರಿಯುತ್ತಾರೆ. ಮೊದಲು ಫುಟ್‌ಪಾತ್ ನೋಡಿ. ಅಡ್ಡಿಯಿಲ್ಲದ 1.8 ಮೀಟರ್ ಅಗಲ ಬೇಕು. ನಡುವೆ ಬೈಕು, ಟ್ರಾನ್ಸ್‌ಫಾರ್ಮರ್ ನಿಂತರೆ ಅದು ಲೆಕ್ಕಕ್ಕಿಲ್ಲ. ಅಂಚಿನ ಎತ್ತರ 15 ಸೆಂ.ಮೀ. ಮೀರಿದರೆ ಮಂಡಿನೋವಿನ ಅಜ್ಜಿ ರಸ್ತೆಯಲ್ಲೇ ನಡೆಯುತ್ತಾರೆ.

ನೆರಳಂತೂ ಬೇಕೇ ಬೇಕು. ಮುಂಗಾರು ಹಿಡಿದ ಮೇಲೆ, ಮೂರಡಿ ಗುಂಡಿ ತೆಗೆದು, 8 ಮೀಟರಿಗೊಂದು ಹೊಂಗೆ ನೆಡಿ. ದಯವಿಟ್ಟು ಬುಡದವರೆಗೆ ಕಾಂಕ್ರೀಟ್ ಹಾಕಿಸಬೇಡಿ. ಬೇರಿಗೆ ನೀರು, ಗಾಳಿ ಸಿಗದೆ ಮರ ಸೊರಗುತ್ತದೆ. ಬೆಂಚು ಬೀದಿಗೆ ಮುಖ ಮಾಡಿರಲಿ.

ತಳ್ಳುಗಾಡಿಯವರನ್ನು ಓಡಿಸಬೇಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಡಿ ಅವರಿಗೆ ಜಾಗ ಗುರುತಿಸಲು ಪಾಲಿಕೆಗೆ ಅರ್ಜಿ ಕೊಡಿ. ಅವರ ದೀಪ, ಮಾತು ಇದ್ದಲ್ಲಿ ಹೆಣ್ಣುಮಕ್ಕಳು ಕತ್ತಲಾದ ಮೇಲೂ ಧೈರ್ಯವಾಗಿ ಓಡಾಡುತ್ತಾರೆ.