ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಲೆಕ್ಕಕ್ಕೆ ತನ್ನಿ

ಪ್ರಶ್ನೆ: ನನಗೆ 36 ವರ್ಷ, ಊರು ನಾಪೋಕ್ಲು ಹತ್ತಿರ. ಕಳೆದ ವರ್ಷ ತಮ್ಮ ಹಾಕಿ ಆಡುತ್ತಲೇ ಕುಸಿದು ತೀರಿಕೊಂಡ. ಅವನಿಗೆ 29. ಹೃದಯದ ಗೋಡೆ ತುಂಬಾ ದಪ್ಪ ಇತ್ತು ಅಂತ ಪೋಸ್ಟ್‌ಮಾರ್ಟಂ ವರದಿಯಲ್ಲಿದೆ. ಅಪ್ಪ 41ಕ್ಕೇ ಹೋದರು, ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು. ನಾನು ಈಗ ಬೇರೆ ಒಕ್ಕದವಳು, ಅಂದರೆ ಗಂಡನ ಮನೆತನದವಳು, ನನ್ನ ಮಕ್ಕಳಿಗೆ ಭಯವಿಲ್ಲ ಅಂತಾರೆ ಮನೆಯವರು. ನಿಜವೇ?

ಉತ್ತರ: ನಿಜವಲ್ಲ, ತಂಗಿ. ಒಕ್ಕದ ಹೆಸರು ಅಪ್ಪನ ಕಡೆಯಿಂದ ಬರುತ್ತದೆ. ಈ ಕಾಯಿಲೆ ಮಗ, ಮಗಳು ಅಂತ ನೋಡುವುದಿಲ್ಲ. ವರದಿ ನೋಡಿದರೆ ಇದು ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ, ಅಂದರೆ ಹೃದಯದ ಸ್ನಾಯು ದಪ್ಪವಾಗುವ ವಂಶದ ಕಾಯಿಲೆ ಇರಬಹುದು. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ತಂದೆ ಅಥವಾ ತಾಯಿಯಲ್ಲಿ ಆ ಜೀನ್ ದೋಷವಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಅಪ್ಪ ಬಿದ್ದು ಪ್ರಾಣ ಹೋಯಿತೋ, ಎದೆ ನಿಂತು ಬಿದ್ದರೋ? ನನಗೆ ಎರಡನೆಯದರ ಮೇಲೇ ಅನುಮಾನ.

ನಿಮಗೆ ತೊಂದರೆ ಇಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ. ಎಷ್ಟೋ ಜನರಿಗೆ ಒಂದು ಲಕ್ಷಣವೂ ಇರುವುದಿಲ್ಲ. ಮೊದಲು ನೀವು, ನಿಮ್ಮ ಒಡಹುಟ್ಟಿದವರು, ತಮ್ಮನಿಗೆ ಮಕ್ಕಳಿದ್ದರೆ ಅವರು, ಎಲ್ಲರೂ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಸೂಜಿ ಚುಚ್ಚುವುದಿಲ್ಲ, ನೋವೂ ಇಲ್ಲ. ಮೈಸೂರಿನ ಜಯದೇವದಲ್ಲಿ ಆಗುತ್ತದೆ. ತಮ್ಮನ ವರದಿ ಜೊತೆಗೇ ಇರಲಿ. ನಿಮ್ಮಲ್ಲಿ ಕಂಡರೆ ಮಕ್ಕಳಿಗೂ ಕೂಡಲೇ ಮಾಡಿಸಿ. ಅಲ್ಲಿಯವರೆಗೆ ಅವರನ್ನು ಓಟದ ಸ್ಪರ್ಧೆ, ಹಾಕಿ ಟೂರ್ನಮೆಂಟಿಗೆ ಕಳಿಸಬೇಡಿ. ಒಮ್ಮೆ ಸರಿ ಬಂದರೆ ಮುಗಿಯಿತು ಅಂದುಕೊಳ್ಳಬೇಡಿ. ಗೋಡೆ ದಪ್ಪವಾಗುವುದು ಹೆಚ್ಚಾಗಿ ಹದಿಹರೆಯದಲ್ಲಿ, ಕೆಲವರಿಗೆ ಇನ್ನೂ ತಡವಾಗಿ. ಹಾಗಾಗಿ ದೊಡ್ಡವರು 3ರಿಂದ 5 ವರ್ಷಕ್ಕೊಮ್ಮೆ, ಮಕ್ಕಳು 1–2 ವರ್ಷಕ್ಕೊಮ್ಮೆ ತೋರಿಸಬೇಕಾಗುತ್ತದೆ.

ಪುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಒಕ್ಕದ ಹಿರಿಮನೆಯಲ್ಲಿ) ಎಲ್ಲರೂ ಸೇರುತ್ತೀರಲ್ವಾ? ಹಿರಿಯರ ಪಕ್ಕ ಕೂತು ಕೇಳಿ. 50ರ ಒಳಗೆ ಇದ್ದಕ್ಕಿದ್ದಂತೆ ಹೋದವರು ಯಾರು? ಈಜು ಬರುತ್ತಿದ್ದರೂ ಹೊಳೆಯಲ್ಲಿ ಮುಳುಗಿದವರು? ಓಡುವಾಗ ಬಿದ್ದದ್ದನ್ನು ಫಿಟ್ಸ್ ಅಂತ ಹೇಳಿಸಿಕೊಂಡವರು? ಹೆಣ್ಣುಮಕ್ಕಳ ಕಡೆಯದನ್ನೂ ಬರೆದುಕೊಳ್ಳಿ. ಆ ಕಡೆ ಲೆಕ್ಕವೇ ಇಡದೆ ಎಳೆ ಕಳೆದುಹೋಗುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಕಾಯಿಲೆ ಇದೆ ಅಂತ ಗೊತ್ತಾದರೆ ದಾರಿ ಇದೆ. ಮಾತ್ರೆಗಳಿವೆ. ಅಪಾಯ ಜಾಸ್ತಿ ಇರುವವರಿಗೆ, ಎದೆಬಡಿತ ಹದ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಚಿಕ್ಕ ಸಾಧನವನ್ನು ಎದೆಯಲ್ಲಿ ಇಡುತ್ತಾರೆ. ಬಹಳ ಮಂದಿ ವಯಸ್ಸಾಗುವವರೆಗೂ ಚೆನ್ನಾಗಿ ಬದುಕುತ್ತಾರೆ.

ಪ್ರಶ್ನೆ: ಮಗನಿಗೆ 17, ಆರಡಿ ದಾಟಿದ್ದಾನೆ. ಕೈಬೆರಳು ತುಂಬಾ ಉದ್ದ. ಕಣ್ಣಿನ ಮಸೂರ ಜರುಗಿದೆ ಎಂದರು. ಅವನ ಸೋದರಮಾವ 38ಕ್ಕೆ ದೊಡ್ಡ ರಕ್ತನಾಳ ಸೀಳಿ ತೀರಿಕೊಂಡರು. ಸಂಬಂಧ ಇದೆಯೇ? – ಸೋಮವಾರಪೇಟೆಯ ಓದುಗರು

ಉತ್ತರ: ಇರಬಹುದು. ಇದು ಮಾರ್ಫಾನ್ ಸಿಂಡ್ರೋಮ್, ಅಂದರೆ ಮೈಯನ್ನು ಹಿಡಿದಿಡುವ ಅಂಗಾಂಶವೇ ಸಡಿಲವಾಗುವ ವಂಶದ ಕಾಯಿಲೆ ಆಗಿದ್ದರೆ, ಹೃದಯದಿಂದ ಹೊರಡುವ ಮಹಾಪಧಮನಿ ನಿಧಾನವಾಗಿ ಹಿಗ್ಗುತ್ತದೆ. ಈ ವಾರವೇ ಎಕೋ ಮಾಡಿಸಿ ಅದರ ಅಗಲ ಅಳೆಸಿ. ಭಾರ ಎತ್ತುವ ವ್ಯಾಯಾಮ ನಿಲ್ಲಲಿ. ಎದೆಯಲ್ಲೋ ಬೆನ್ನಲ್ಲೋ ಸೀಳುವಂಥ ನೋವು ಬಂದರೆ ಗ್ಯಾಸ್ ಅಂತ ಸುಮ್ನೆ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮತ್ತೆ, ತೀರಿಹೋದದ್ದು ಮಾವ. ಆದ್ದರಿಂದ ಅವನ ಅಮ್ಮನಿಗೂ ಅದೇ ದಿನ ಎಕೋ ಆಗಬೇಕು.