ಕೀಲಿ ಹಾಕಬೇಡಿ, ನೋಟಿಸ್ ಕೊಡಿ

ಬಾಗಲಕೋಟೆಯ ನವನಗರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ‘ಮುಳುಗಡೆ ಪರಿಹಾರದ ನಿವೇಶನದಲ್ಲಿ ಕಟ್ಟಿಸಿದ ಮನೆ. ಮೇಲಿನ ಮನೆಯನ್ನು ತಿಂಗಳಿಗೆ 6,500 ರೂಪಾಯಿಗೆ ಬಾಡಿಗೆ ಕೊಟ್ಟಿದ್ದೇನೆ. 11 ತಿಂಗಳ ಕರಾರು ಮುಗಿದು ವರ್ಷವಾಯಿತು, ಹೊಸದು ಬರೆಸಿಲ್ಲ. ನಾಲ್ಕು ತಿಂಗಳಿಂದ ಬಾಡಿಗೆ ಬಂದಿಲ್ಲ. ಅವರು ಊರಿಗೆ ಹೋದಾಗ ಕೀಲಿ ಹಾಕಿಬಿಡಲೇ? ಇಲ್ಲಾ ಕರೆಂಟ್ ತೆಗೆಸಲೇ?’

ಅಕ್ಕೋರೆ, ಎರಡೂ ಬೇಡ. ಪಿಂಚಣಿ ಸಾಲದೆ ಔಷಧಿಯ ಖರ್ಚಿಗೆ ಈ ಬಾಡಿಗೆಯನ್ನೇ ನಂಬಿದ್ದೀರಿ, ನಿಮ್ಮ ಸಂಕಟ ತಿಳಿಯುತ್ತದೆ. ಆದರೆ ಇವತ್ತು ನ್ಯಾಯ ನಿಮ್ಮ ಕಡೆ ಇದೆ. ಕೀಲಿ ಜಡಿದರೆ ಅದನ್ನು ನೀವೇ ಅವರ ಕೈಗೆ ಕೊಟ್ಟಂತೆ. ಬಾಕಿ ಎಷ್ಟೇ ಇರಲಿ, ಒಳಗಿದ್ದವರನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಅವರು ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರ ಹೆಸರಿಗಿದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಕರೆಂಟ್. ಆ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಓದುವ ಹುಡುಗಿ ಇದ್ದಾಳೆಂದು ನೀವೇ ಬರೆದಿದ್ದೀರಿ. ಅಪ್ಪನ ಬಾಕಿಗೆ ಮಗಳನ್ನು ಕತ್ತಲಲ್ಲಿ ಕೂರಿಸುವುದು ನಿಮ್ಮಂಥವರ ಕೆಲಸವಲ್ಲ.

ಹಾಗಾದರೆ ಮಾಡಬೇಕಾದ್ದೇನು? 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಮ್ಮ ಮನೆಗೆ ಅನ್ವಯಿಸದು. ವಾಸದ ಮನೆಗೆ ಅದು ಇಟ್ಟ ಮಿತಿ ಹೆಚ್ಚೆಂದರೆ ತಿಂಗಳಿಗೆ 3,500 ರೂಪಾಯಿ. ನಿಮಗೆ ಲಾಗುವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರು ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಳ್ಳುತ್ತ ಬಂದಿದ್ದರಿಂದ ಅವರೀಗ ತಿಂಗಳ ಬಾಡಿಗೆದಾರರು. ಅಂಥವರಿಗೆ 106ನೇ ಕಲಮಿನಂತೆ 15 ದಿನಗಳ ನೋಟಿಸ್ ಸಾಕು. ಆದರೆ ಅದು ಬರಹದಲ್ಲೇ ಇರಬೇಕು, ನಿಮ್ಮ ಸಹಿ ಇರಬೇಕು. ಯಾವ ತಿಂಗಳಿಂದ ಎಷ್ಟು ಬಾಕಿ, ಎಂದಿಗೆ ಮನೆ ಬಿಡಬೇಕು ಎಂಬುದನ್ನು ಬರೆದು ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಒಮ್ಮೆ ಕೂತು ಮಾತಾಡಿ ಎಂಬುದು ನನ್ನ ಮನವಿ. ಕೆಲಸ ಹೋಗಿದೆಯೋ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯೋ ಕೇಳಿ. ಕಂತಿನಲ್ಲಿ ತೀರಿಸುತ್ತೇನೆಂದರೆ ತಾರೀಖು ಹಾಕಿಸಿ ಬರೆಸಿಕೊಳ್ಳಿ.

ಬಹಳ ಮಂದಿ ಎಡವುವ ಜಾಗ ಇನ್ನೊಂದಿದೆ. ನೋಟಿಸ್ ಕೊಟ್ಟ ಮೇಲೆ ಅವರು ಒಂದು ತಿಂಗಳ ಹಣ ತಂದು ಕೈಗಿಡುತ್ತಾರೆ, ಮಾಲೀಕರು ‘ಬಾಡಿಗೆ ಮುಟ್ಟಿತು’ ಎಂದು ಬರೆದುಕೊಡುತ್ತಾರೆ. ಬಾಡಿಗೆ ಸಂಬಂಧ ಮುಂದುವರಿಸಿದಿರಿ, ನೋಟಿಸ್ ಬಿಟ್ಟುಕೊಟ್ಟಿರಿ ಎಂದು ಅವರ ವಕೀಲರು 113ನೇ ಕಲಮು ತೋರಿಸಿ ವಾದಿಸಲು ಅಷ್ಟು ಸಾಕು. ಹಣ ಬೇಡವೆನ್ನಬೇಡಿ, ‘ಹಿಂದಿನ ಬಾಕಿಗೆ ಜಮಾ, ನೋಟಿಸಿನ ಹಕ್ಕು ಉಳಿಸಿಕೊಂಡು’ ಎಂದೇ ರಸೀದಿ ಬರೆಯಿರಿ. ಬಾಕಿ ವಸೂಲಿಯ ದಾವೆಗೆ ಮೂರು ವರ್ಷದ ಕಾಲಮಿತಿ ಇದೆ, ಅಷ್ಟು ತಡ ಮಾಡಬೇಡಿ.

ಮುಂದಿನ ಬಾಡಿಗೆದಾರರಿಗೆ ಕರಾರು ಮೊದಲು, ಕೀಲಿಕೈ ಆಮೇಲೆ. ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುವುದು. ಮುಗಿದ ತಿಂಗಳೇ ಹೊಸದು ಮಾಡಿಸಿ. ಡಿಪಾಜಿಟ್ ಬ್ಯಾಂಕಿನ ಮೂಲಕವೇ ಬರಲಿ. ಸುಣ್ಣಬಣ್ಣದ ಖರ್ಚು, ನೀರಿನ ಬಿಲ್ಲು ಯಾರದೆಂದು ಬರೆಸಿ. ಹೆಸ್ಕಾಂ ಮೀಟರಿನ ಆರ್‌ಆರ್ ನಂಬರ್ ಕೂಡ ಅದರಲ್ಲಿರಲಿ, ಏಕೆಂದರೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಹಳಬರು ಮನೆ ಬಿಡುವ ದಿನ ಆ ನಂಬರಿನಿಂದ ತಮ್ಮ ಆಧಾರ್ ಜೋಡಣೆ ಬಿಡಿಸಿದರೋ ನೋಡಿ, ಮೀಟರಿನ ಫೋಟೊ ತೆಗೆದುಕೊಂಡೇ ಡಿಪಾಜಿಟ್ ಮರಳಿಸಿ.

ವಕೀಲರ ಫೀಜಿಗೆ ಅಂಜಿದ್ದೀರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಹಳೆಯ ಕರಾರು, ಬ್ಯಾಂಕ್ ಪಾಸ್‌ಬುಕ್ ಹಿಡಿದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಈ ವಾರವೇ ಹೋಗಿ ಬನ್ನಿ; ನೋಟಿಸನ್ನು ಅಲ್ಲಿಯ ವಕೀಲರಿಂದಲೇ ಬರೆಸಬಹುದು.

– ಸಂಪಾದಕ