ದೊಡ್ಡ ಕರುಳು ತೂತಾಗಿ ಹೊಟ್ಟೆಯೆಲ್ಲ ಸೋಂಕಾದರೆ ಕರುಳನ್ನು ಆಗಲೇ ಜೋಡಿಸುತ್ತಾರಾ, ಇಲ್ಲ ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಹಾಕಲೇಬೇಕಾ?

ಎರಡೂ ಉಂಟು. ರೋಗಿಯ ಬಿಪಿ ಸ್ಥಿರವಾಗಿದೆಯಾ ಅನ್ನುವುದೇ ಮೊದಲ ಪ್ರಶ್ನೆ.

ಇಂಥ ತೂತಿಗೆ ಒಂದು ಕಾರಣ ಡೈವರ್ಟಿಕುಲೈಟಿಸ್. ಇದರಲ್ಲಿ ಕರುಳಿನ ಗೋಡೆಯ ಪುಟ್ಟ ಉಬ್ಬುಗಳು ಊದಿಕೊಳ್ಳುತ್ತವೆ. ಒಂದು ಒಡೆದರೆ ಕೀವು, ಕೆಲವೊಮ್ಮೆ ಮಲವೇ ಹೊಟ್ಟೆಯೊಳಗೆ ಹರಡುತ್ತದೆ. ಆ್ಯಂಟಿಬಯೋಟಿಕ್, ಡ್ರಿಪ್ ತಕ್ಷಣ ಶುರುವಾಗುತ್ತದೆ, ಜೊತೆಗೇ ಆಪರೇಷನ್ ತಯಾರಿ.

ಹಳೆಯ ದಾರಿ ಹಾರ್ಟ್‌ಮನ್ ಆಪರೇಷನ್. ಫ್ರಾನ್ಸಿನ ಆನ್ರಿ ಹಾರ್ಟ್‌ಮನ್ 1921ರಲ್ಲಿ ಇದನ್ನು ವಿವರಿಸಿದ್ದು ಕ್ಯಾನ್ಸರಿಗಾಗಿ. ಕೆಟ್ಟ ಭಾಗ ತೆಗೆದು, ಕೆಳಗಿನ ತುದಿ ಮುಚ್ಚಿ, ಮೇಲಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆಯುತ್ತಾರೆ. ಹೊಲಿಗೆ ಬಿಡುವ ಭಯವಿಲ್ಲ. ಆದರೆ ಮತ್ತೆ ಜೋಡಿಸುವುದು ದೊಡ್ಡ ಆಪರೇಷನ್ನೇ. ಎಷ್ಟೋ ಜನರಿಗೆ ಚೀಲ ಕೊನೆವರೆಗೂ ಉಳಿದುಬಿಡುತ್ತದೆ.

ಹಾಗಾಗಿ ಸ್ಥಿತಿ ಸ್ಥಿರವಾಗಿದ್ದರೆ ಈಗ ಅಲ್ಲೇ ಜೋಡಿಸುವುದೇ ಜಾಸ್ತಿ ಒಳ್ಳೆಯದು ಅನ್ನುವ ಅಭಿಪ್ರಾಯ ಬಲವಾಗಿದೆ. ಆ ಜೋಡಣೆಯ ಕಾವಲಿಗೆ ಸಣ್ಣ ಕರುಳನ್ನು ಕೆಲವು ತಿಂಗಳು ಹೊರಗೆ ತೆರೆದಿಡಬಹುದು, ಅದನ್ನು ಮುಚ್ಚುವುದು ಸುಲಭ. 2019ರಲ್ಲಿ ಪ್ರಕಟವಾದ ಲೇಡೀಸ್ ಅಧ್ಯಯನದಲ್ಲಿ (ಹೆಸರಷ್ಟೇ, ಗಂಡಸರೂ ಇದ್ದರು!) ವರ್ಷದ ನಂತರ ಚೀಲವಿಲ್ಲದೆ ಬದುಕಿದ್ದವರು ಜೋಡಿಸಿದ ಗುಂಪಿನಲ್ಲೇ ಹೆಚ್ಚು.

ಸೆಪ್ಟಿಕ್ ಶಾಕ್ (ಸೋಂಕಿನಿಂದ ಬಿಪಿ ಕುಸಿಯುವುದು) ಆಗಿದ್ದರೆ ಲೆಕ್ಕವೇ ಬೇರೆ. ತೂತಾದ ಭಾಗ ತೆಗೆದು, ತೊಳೆದು, ತುದಿಗಳನ್ನು ಮುಚ್ಚಿ, ಹೊಟ್ಟೆಗೆ ತಾತ್ಕಾಲಿಕ ಹೊದಿಕೆ ಹಾಕಿ ಐಸಿಯುಗೆ ಕಳಿಸುತ್ತಾರೆ. 24ರಿಂದ 48 ಗಂಟೆ ಬಿಟ್ಟು ಮತ್ತೆ ನೋಡಿ, ಜೋಡಿಸುವುದೋ ಚೀಲವೋ ಅಂತ ಆಗ ತೀರ್ಮಾನ.

ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಕಿ) ಸುಮ್ನೆ ತೊಳೆದು ಬರುವುದು? ಬರೀ ಕೀವಿದ್ದರೆ, ಆಯ್ದ ಕೆಲವರಿಗೆ ಮಾತ್ರ. ಮಲ ಹರಡಿದ್ದರೆ ಅದು ಸಾಲದು.